ಪೇರಲ ಕಟ್ಟಿಗೆಯಲ್ಲಿ ಕೊರೆದ ಇಪ್ಪತ್ತೆರಡು ಅಕ್ಷರ

ಮೊದಲ ಸಲ ಪ್ರಯೋಗಕ್ಕೆಂದು ಕೊರೆದ ಕನ್ನಡ ಅಕ್ಷರಗಳು ಮೂರನೆಯ ದಿನಕ್ಕೇ ಸೀಳಿದವು. ತಪ್ಪು ಕಟ್ಟಿಗೆಯದಲ್ಲ, ನನ್ನದು. ಬಬಲೇಶ್ವರದಲ್ಲಿ ನಮ್ಮ ಸೋದರಮಾವನ ಬಾವಿಯ ಬದಿಯ ಪೇರಲ ಗಿಡ ಬಿದ್ದಿತ್ತು. ಅದರ ಹಸಿ ಬೊಡ್ಡೆಯನ್ನೇ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಮೂರು ದಿನ ನೆರಳಲ್ಲಿಟ್ಟು, ಒಣಗಿತೆಂದುಕೊಂಡು ಉಳಿ ಹಚ್ಚಿದ್ದೆ. ವಿಜಾಪುರದ ಚೈತ್ರದ ಬಿಸಿಲಿಗೆ ಮನುಷ್ಯರೇ ಬಿರಿಯುತ್ತಾರೆ, ಇನ್ನು ಹಸಿ ಕಟ್ಟಿಗೆಯ ಪಾಡೇನು?

ಆಗ ಯುದ್ಧ ನಡೆದಿತ್ತು. ನಾನು ಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವವನು. ನಮ್ಮದು ಬಡಿಗತನದ ಮನೆತನವಾದ್ದರಿಂದ ಲಗ್ನಪತ್ರಿಕೆಯ ಗಣಪತಿ, ಜಾಹೀರಾತಿನ ಕೈಗಡಿಯಾರ ಮುಂತಾದ ಚಿತ್ರಗಳ ಕಟ್ಟಿಗೆಯ ಬ್ಲಾಕುಗಳನ್ನೂ ನಾನೇ ಕೊರೆಯುತ್ತಿದ್ದೆ. ಆದರೆ ಈ ಇಪ್ಪತ್ತೆರಡು ಅಕ್ಷರಗಳಂಥ ಕೆಲಸ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬಾರದಿದ್ದುದೇ ಒಳ್ಳೆಯದಾಯಿತು.

ಕೆಲಸ ತಂದವರು ತಿಕೋಟಾದ ನಿವೃತ್ತ ಕನ್ನಡ ಸಾಲಿ ಮಾಸ್ತರರು. ಹಿಂದಿನ ಮಹಾಯುದ್ಧದಲ್ಲಿ ಅವರು ಹೇಸರಗತ್ತೆಗಳ ಪಡೆಯ ಕಾರಕೂನರಾಗಿ ಸಮುದ್ರ ದಾಟಿ ಹೋಗಿದ್ದರಂತೆ. ಸಿದೋನ್ ಎಂಬ ಊರಿನ ದಂಡೆಯಲ್ಲಿ ಒಂದು ಕಲ್ಲಿನ ಮೇಲೆ ಯಾರಿಗೂ ತಿಳಿಯದ ಅಕ್ಷರಗಳನ್ನು ಕಂಡು ಬಂದರು. ಅವು ಫಿನಿಷಿಯನ್ನರ ಅಕ್ಷರಗಳೆಂದು ಊರಿಗೆ ಬಂದಮೇಲೆ ತಿಳಿಯಿತು. ಅಲ್ಲಿಂದ ಇಪ್ಪತ್ತು ವರ್ಷ ಅದೇ ಗೀಳು. ಪುಣೆಯಿಂದ ಗ್ರಂಥ ತರಿಸುವುದು, ನಕಲು ಮಾಡುವುದು, ತಿರುಗಿ ಕಳಿಸುವುದು. ಕಡೆಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆದರು.

ಧಾರವಾಡದ ಒಬ್ಬ ಪಂಡಿತರಿಗೆ ಹಸ್ತಪ್ರತಿ ತೋರಿಸಿದ್ದರು. ಅವರು ಒಂದು ಕಾರ್ಡು ಬರೆದರು. ಕೈಯಿಂದ ಬರೆದ ಲಿಪಿಚಿತ್ರ ನಂಬಲಾಗುವುದಿಲ್ಲ, ಅಕ್ಷರಗಳನ್ನು ಶುದ್ಧವಾಗಿ ಅಚ್ಚು ಹಾಕಿಸಿ ಕಳಿಸಿದರೆ ಓದಿ ಅಭಿಪ್ರಾಯ ತಿಳಿಸುವೆ, ಎಂದು. ಮಾಸ್ತರರು ಆ ಕಾರ್ಡನ್ನು ಕೋಟಿನ ಒಳಕಿಸೆಯಲ್ಲಿಟ್ಟುಕೊಂಡೇ ನಮ್ಮ ಅಚ್ಚುಕೂಟದ ಮೆಟ್ಟಿಲು ಹತ್ತಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ.

"ಕಣ್ಣು ಇರೂತನಕ ಮುಗಿಸಿ ಕೊಡು, ತಮ್ಮಾ," ಎಂದರು. "ಒಬ್ಬ ತಿಳಿದಾವ ಓದಿ, ಹೌದು ಅಂದ್ರ ಸಾಕು ನನಗ. ಮತ್ತೇನೂ ಬ್ಯಾಡ."

ಆ ದಿನ ನಾನು ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಒಂದು ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ಅವರು ಒಂದೇ ಕಣ್ಣು ಹತ್ತಿರ ತಂದು ನೋಡಿ, "ಇದೇನಿದು, ಎಲ್ಲಾ ಉಲ್ಟಾ ಐತಲ್ಲ?" ಎಂದರು.

"ಸೀಸದಾಗ ಉಲ್ಟಾ ಇದ್ರೇನ ಕಾಗದದಾಗ ಸುಲ್ಟಾ ಬರತೈತ್ರಿ ಮಾಸ್ತರ್ರ. ಕಟ್ಟಿಗಿದೂ ಹಂಗ," ಎಂದೆ. ಅವರು ತಲೆ ಅಲ್ಲಾಡಿಸಿದರು. ನಾನು ಹೇಳಿದ್ದು ಅಷ್ಟೇ. ಕಟ್ಟಿಗೆಯಲ್ಲಿ ಉಲ್ಟಾ ಮಾಡುವುದು ಹೇಗೆಂಬುದನ್ನು ಹೇಳಲಿಲ್ಲ. ಹೇಳುವ ಪ್ರಸಂಗವೂ ಇರಲಿಲ್ಲ.

ಅದನ್ನು ಇಲ್ಲಿ ಹೇಳಬೇಕು. ಚಿತ್ರವನ್ನು ತೆಳ್ಳನೆಯ ಎಣ್ಣೆಕಾಗದದ ಮೇಲೆ ನೆಟ್ಟಗೆ ಬರೆಸಿಕೊಳ್ಳುತ್ತಿದ್ದೆವು. ಆ ಕಾಗದವನ್ನು ಬೋರಲು ಹಾಕಿ, ಗಂಜಿ ಹಚ್ಚಿ, ಕಟ್ಟಿಗೆಯ ಬಿಲ್ಲೆಯ ಮೇಲೆ ಅಂಟಿಸುವುದು. ಬೆನ್ನಿನ ಕಡೆಯಿಂದ ಗೆರೆಗಳು ತಿರುವುಮುರುವಾಗಿ ಕಾಣುತ್ತವೆ. ಕಂಡ ಹಾಗೆಯೇ ಗೆರೆ ಬಿಟ್ಟು ಸುತ್ತಲಿನ ಕಟ್ಟಿಗೆ ಕೊರೆದು ತೆಗೆಯುವುದು. ಅಚ್ಚು ಹಾಕಿದಾಗ ಮತ್ತೆ ನೆಟ್ಟಗಾಗುತ್ತದೆ. ಹತ್ತು ವರ್ಷ ಹೀಗೇ ಮಾಡಿದ್ದೆ. ನಿದ್ದೆಯಲ್ಲಿ ಎಬ್ಬಿಸಿದರೂ ನನ್ನ ಕೈ ಕಾಗದವನ್ನು ಬೋರಲೇ ಹಾಕುತ್ತಿತ್ತು.

ಮೊದಲ ಕಟ್ಟಿಗೆ ಸೀಳಿದಾಗ ಮಾವ ಬಾಯಿತುಂಬ ಬೈದು ದಾರಿ ಹೇಳಿದ. ಹೊಸ ಬಿಲ್ಲೆಗಳನ್ನು ಕೊಯ್ದು, ನೀರಲ್ಲಿ ಕುದಿಸಿ, ಆರಿಸಿ, ಜೋಳದ ಕಣಜದಲ್ಲಿ ಹುಗಿದಿಟ್ಟೆವು. ಜೋಳ ನಿಧಾನವಾಗಿ ಹಸಿ ಹೀರಿಕೊಳ್ಳುತ್ತದೆ. ಎರಡು ತಿಂಗಳು ಅದರ ತಂಟೆಗೆ ಹೋಗಲಿಲ್ಲ. ಅಷ್ಟರಲ್ಲಿ ಪುಸ್ತಕದ ಬರಹ ಜೋಡಿಸಿದೆ. ಅಕ್ಷರ ಬರುವಲ್ಲೆಲ್ಲ ಮಾಸ್ತರರು ಖಾಲಿ ಚೌಕ ಬಿಟ್ಟು ಅಂಕಿ ಹಾಕಿದ್ದರು. ಎಲ್ಲ ಅಕ್ಷರಗಳೂ ಕೊನೆಯ ಒಂದು ಹಾಳೆಯಲ್ಲಿ ಪಟ್ಟಿಯಾಗಿ ಬರಬೇಕಿತ್ತು.

ನೀನು ಆ ಬರಹವನ್ನೆಲ್ಲ ಜೋಡಿಸಿದವನು, ಅದರಲ್ಲಿ ಏನಿತ್ತೆಂದು ತಿಳಿಯಲಿಲ್ಲವೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡೆನೋ. ಮೊಳೆ ಜೋಡಿಸುವವನು ಓದುವುದಿಲ್ಲ. ಒಂದೊಂದೇ ಅಕ್ಷರ ಹೆಕ್ಕುತ್ತಾನೆ, ಅಷ್ಟೇ.

ಪುಸ್ತಕದ ಸಾರ ನನಗೆ ತಿಳಿದದ್ದು ಮಾಸ್ತರರ ಬಾಯಿಂದ. ಎಣ್ಣೆಕಾಗದ ತರಲು ತಿಕೋಟಾಕ್ಕೆ ಹೋದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಅವರ ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಸಣ್ಣ ವಯಸ್ಸಿಗೇ ಗಂಡ ಸತ್ತು ತಮ್ಮನ ಮನೆಗೆ ಬಂದವರು. ತಮ್ಮನೇ ಅವರಿಗೆ ಓದು ಬರಹ ಕಲಿಸಿದ್ದ. ಈಗ ಕಣ್ಣು ಮಂದವಾದ ತಮ್ಮನಿಗೆ ಪತ್ರಿಕೆ, ಗ್ರಂಥ ಎಲ್ಲ ಓದಿ ಹೇಳುವವರು ಅವರೇ.

ಮಾಸ್ತರರು ಎದುರಿಗೆ ಗೂಟಕ್ಕೆ ಕಟ್ಟಿದ್ದ ಎತ್ತಿನ ಕಡೆ ಕೈ ಮಾಡಿದರು. "ಅದರ ಮಾರಿ ಅಷ್ಟ ಬರಿ. ಎರಡು ಕೋಡು, ಕೆಳಗ ಚೂಪ ಮೂತಿ. ಸಿನಾಯ್ ಅನ್ನೂ ಬೆಟ್ಟದಾಗ ಗಣಿ ಕೆಲಸದವರು ಹಂಗ ಗೀಚಿದ್ರು. ಈಜಿಪ್ತದವರ ಚಿತ್ರ ನೋಡಿ ನೋಡಿ ಕಲಿತಿದ್ರು. ಎತ್ತಿಗೆ ಅವರು ಅಲೆಫ್ ಅಂತಿದ್ರು. ಆ ಚಿತ್ರ ಕಂಡ್ರ ಎತ್ತು ಅಂತ ಓದೂದಲ್ಲ, ಅದರ ಹೆಸರಿನ ಮೊದಲನೇ ಸಪ್ಪಳ ಅಷ್ಟ ತಗೊಳ್ಳೂದು. ಮನಿಗೆ ಬೇತ್. ಅದರ ಚಿತ್ರದಿಂದ ಬ. ತಿಳೀತೇನು? ಸಾವಿರಾರು ಚಿತ್ರದ ಕೆಲಸ ಇಪ್ಪತ್ತೆರಡರಾಗ ಮುಗೀತು."

"ಸ್ವರ ಎಲ್ಲಿ ಹೋದುವ್ರಿ?"

"ಬರೀತಿದ್ದಿಲ್ಲ. ಬರೇ ವ್ಯಂಜನ. ಉಳಿದದ್ದು ಓದಾವ ತುಂಬಿಕೊಬೇಕು." ನಕ್ಕರು. "ಈ ಫಿನಿಷಿಯನ್ನರು ಹಡಗದಾಗ ತಿರಗೂ ವ್ಯಾಪಾರಸ್ಥರು. ಎತ್ತಿನ ಮಾರಿ ತಿದ್ದಿಕೋತ ಕುಂಡ್ರಾಕ ಅವರಿಗೆ ಪುರಸೊತ್ತ ಎಲ್ಲಿ? ಅಡ್ಡ ಮಲಗಿಸಿ ಮೂರ ಗೆರಿ ಎಳದ್ರು. ಬರೂದು ಬಲಗಡಿಂದ ಎಡಕ್ಕ, ನಮ್ಮ ಪ್ಯಾಟಿ ಉರ್ದು ಸಾಲಿಯವರಂಗ. ಅದಕ್ಕ ಅಕ್ಷರದ ಮಾರಿ ಎಲ್ಲಾ ಎಡಕ್ಕ. ಮುಂದ ಗ್ರೀಕರು ಇವನ್ನ ಇಸಗೊಂಡು ಎಡದಿಂದ ಬಲಕ್ಕ ಬರದ್ರು. ಮಾರಿ ಬಲಕ್ಕ ತಿರುಗಿತು. ಇಂಗ್ರೇಜಿ ಬಿ ನೋಡು, ಹೊಟ್ಟಿ ಬಲಕ್ಕ ಐತಿಲ್ಲ? ನನ್ನ ಇಡೀ ಪುಸ್ತಕ ಇದರ ಮ್ಯಾಲ ನಿಂತೈತಿ, ತಮ್ಮಾ. ಮಾರಿ ಯಾವ ಕಡೆ ಐತಿ, ಯಾವಾಗ ತಿರುಗಿತು."

ಎಣ್ಣೆಕಾಗದ ಕೊಟ್ಟರು. ಅಕ್ಷರಗಳು ಬೆರಳಿನ ಗಾತ್ರ, ಗೆರೆ ನಡುಗದಂತೆ ಬರೆದಿದ್ದರು. ಆ ಒಂದು ಕಣ್ಣಿನಲ್ಲಿ ಅಷ್ಟು ಶುದ್ಧವಾಗಿ ಬರೆಯಲು ಒಂದು ತಿಂಗಳು ಹಿಡಿಯಿತೆಂದು ಅಕ್ಕನವರು ಹೇಳಿದರು. ನಾನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಂದೆ.

ಕಣಜದಿಂದ ತೆಗೆದ ಬಿಲ್ಲೆಗಳು ಈ ಸಲ ಕಬ್ಬಿಣದಂತಾಗಿದ್ದವು. ಕಾಗದದ ಅಂಚು ಕತ್ತರಿಸಿ, ಇಪ್ಪತ್ತೆರಡು ತುಂಡು ಮಾಡಿ, ಒಂದೊಂದನ್ನೂ ಬೋರಲು ಹಾಕಿ ಅಂಟಿಸಿದೆ. ದಿನಕ್ಕೆ ಒಂದೇ ಅಕ್ಷರ. ಹಲ್ಲಿನ ಅಕ್ಷರಕ್ಕೆ ಮೂರು ಮೊನೆ, ನೀರಿನ ಅಕ್ಷರಕ್ಕೆ ಅಲೆ, ಕಣ್ಣಿನ ಅಕ್ಷರ ಬರೀ ಒಂದು ದುಂಡು ಸೊನ್ನೆ. ಎಲ್ಲಕ್ಕಿಂತ ಸುಲಭವೆಂದುಕೊಂಡ ಆ ಸೊನ್ನೆಯೇ ಎರಡು ಸಲ ಚಕ್ಕೆ ಎದ್ದಿತು. ಮುಗಿದಾಗ ನನಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ?

ಬ್ಲಾಕುಗಳನ್ನು ಚೌಕಟ್ಟಿನಲ್ಲಿ ಕೂರಿಸಿದಾಗ ಕೆಲವು ಮೊಳೆಗಿಂತ ಒಂದು ಕೂದಲೆಳೆ ತಗ್ಗಿದ್ದವು. ಅಂಥವಕ್ಕೆ ಅಡಿಯಲ್ಲಿ ಕಾಗದದ ಚೂರು ಅಂಟಿಸಿ ಎತ್ತರಿಸುವುದು ವಾಡಿಕೆ. ಯುದ್ಧಕಾಲದಲ್ಲಿ ಕಾಗದಕ್ಕೆ ಕಂಟ್ರೋಲು. ಒಂದು ಚೂರನ್ನೂ ಎಸೆಯುತ್ತಿರಲಿಲ್ಲ. ಮಾಸ್ತರರ ಎಣ್ಣೆಕಾಗದದ ಅಂಚನ್ನೇ ಕತ್ತರಿಸಿ ಅಡಿಗೆ ಹಚ್ಚಿದೆ.

ಪ್ರೂಫು ಹೋಗುವ ಹೊತ್ತಿಗೆ ಮಾಸ್ತರರ ಎರಡನೆಯ ಕಣ್ಣೂ ಹೋಗಿತ್ತು. ಬರಹದ ಪ್ರೂಫನ್ನು ಅಕ್ಕನವರು ಓದಿ ಹೇಳಿ ತಿದ್ದಿ ಕಳಿಸಿದ್ದರು. ಅಕ್ಷರಗಳ ಹಾಳೆಯ ಪ್ರೂಫನ್ನು ಬೇರೆ ದಿನ ನಾನೇ ಒಯ್ದೆ.

"ಇಪ್ಪತ್ತೆರಡೂ ಅದಾವೇನಕ್ಕಾ?"

ಅಕ್ಕನವರು ಬೆರಳಿಟ್ಟು ಎಣಿಸಿ, "ಅದಾವು," ಎಂದರು.

"ಮುಗೀತ ಹಂಗಾರ. ಅಂವ ಕೊರದಾನಂದ್ರ ನೋಡೂದ ಬ್ಯಾಡ. ಹೊಡೀರಿ."

ಇನ್ನೂರು ಪ್ರತಿಗೆ ಆಗುವಷ್ಟು ಕಾಗದವನ್ನು ನಮ್ಮ ಮಾಲಕರು ಕಚೇರಿಯಿಂದ ಕಚೇರಿಗೆ ಅಲೆದು ಪರವಾನಿಗೆಯ ಮೇಲೆ ತಂದಿದ್ದರು. ಕಂಚಿನ ಬಣ್ಣದ, ಹೀರುಗಾಗದದಂಥ ತೆಳು ಕಾಗದ. ಕಟ್ಟಿಗೆ ಚೆನ್ನಾಗಿ ಮೂಡಲೆಂದು ಯಂತ್ರದ ಒತ್ತಡ ಹೆಚ್ಚಿಸಿದೆ. ಅಕ್ಷರಗಳು ಕಪ್ಪಗೆ, ಗುಂಡಗೆ ಬಿದ್ದವು. ಇನ್ನೂರನೆಯ ಹಾಳೆಗೆ ಕಾಗದವೂ ಮುಗಿಯಿತು.

ಮರುದಿನ ಚೌಕಟ್ಟು ಬಿಚ್ಚಿ, ಬ್ಲಾಕುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಎರಡನೆಯ ಅಕ್ಷರದ ಅಡಿಯ ಕಾಗದ ನೆನೆದು ಬಿಚ್ಚಿಕೊಂಡಿತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಏನೋ ಇತ್ತು. "ತಿರುವಿ ಬರೆದಿದ್ದೇನೆ. ಹೀಗೆಯೇ ಕೊರೆಯುವುದು."

ಕಟ್ಟಿಗೆಯಲ್ಲಿ ಉಲ್ಟಾ ಇರಬೇಕೆಂದು ನಾನು ಹೇಳಿದ್ದೆನಲ್ಲ, ನನಗೆ ಶ್ರಮ ತಪ್ಪಲಿ ಎಂದು ಅವರೇ ಒಂದು ತಿಂಗಳು ಒಂದು ಕಣ್ಣಿನಲ್ಲಿ ಕೂತು ಎಲ್ಲವನ್ನೂ ತಿರುವಿ ಬರೆದಿದ್ದರು. ನಾನು ಬೋರಲು ಹಾಕಿ ಮತ್ತೊಮ್ಮೆ ತಿರುವಿದ್ದೆ. ಅಂದರೆ ಕಟ್ಟಿಗೆಯಲ್ಲಿ ನೆಟ್ಟಗೆ, ಕಾಗದದಲ್ಲಿ ಉಲ್ಟಾ. ಓಡಿಹೋಗಿ ಬರಹದ ಹಾಳೆ ತೆಗೆದು ನೋಡಿದೆ. "ಎರಡನೆಯ ಅಕ್ಷರದ ಹೊಟ್ಟೆ ಎಡಕ್ಕಿರುವುದನ್ನು ವಾಚಕರು ಗಮನಿಸಬೇಕು." ಆ ಸಾಲನ್ನು ಜೋಡಿಸಿದ್ದು ನನ್ನ ಇದೇ ಕೈ. ಪಟ್ಟಿಯಲ್ಲಿ ಅದರ ಹೊಟ್ಟೆ ಬಲಕ್ಕಿತ್ತು. ಎತ್ತಿನ ಮೂತಿಯೂ ಬಲಕ್ಕೆ. ಸೊನ್ನೆ, ಶಿಲುಬೆ, ಹಲ್ಲು, ಹೀಗೆ ಎರಡೂ ಬದಿ ಒಂದೇ ಆಗಿರುವ ಕೆಲವು ಮಾತ್ರ ಉಳಿದಿದ್ದವು. ಕಣ್ಣಿನ ಅಕ್ಷರ ಸರಿಯಾಗಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ಬೇರೆ ಯಾರೇ ಆಗಿದ್ದರೂ ಏನೋ ತಿರುಗಿದೆ ಎಂದು ಅನುಮಾನ ಪಡುತ್ತಿದ್ದರೇನೋ. ದಿನವಿಡೀ ಸೀಸದಲ್ಲಿ ಉಲ್ಟಾ ಓದುವ ನನ್ನ ಕಣ್ಣಿಗೆ ತಿರುಗಿದ್ದೇ ನೆಟ್ಟಗೆ ಕಾಣುತ್ತಿತ್ತು.

ಮಾಲಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ತಲೆಗೆ ಕೈ ಹಚ್ಚಿ ಕೂತರು. "ಲೇ, ಕಾಗದ ಎಲ್ಲಿಂದ ತರ್ಲಿ? ಇನ್ನ ಆರ ತಿಂಗಳ ಒಂದ ಹಾಳಿ ಸಿಗೂದಿಲ್ಲ. ಸುಮ್ಮನಿದ್ದುಬಿಡು. ಈ ಜಿಲ್ಲಾದಾಗ ಅದು ತಪ್ಪು ಅಂತ ತಿಳಿಯಾವ ಯಾವನದಾನ?"

"ಧಾರವಾಡದಾಗ ಒಬ್ಬರದಾರ್ರಿ," ಎಂದೆ.

ಸುಮ್ಮನಿರಲಾಗಲಿಲ್ಲ. ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲಾದರೂ ಸರಿಯಾದ ಒಂದು ಹಾಳೆ ಹೊಡೆದು ಧಾರವಾಡದ ಪ್ರತಿಗೆ ಸೇರಿಸೋಣವೆಂದು ಅದೇ ಬಿಲ್ಲೆಗಳ ಹಿಂಬದಿಯಲ್ಲಿ ಮತ್ತೆ ಕೊರೆಯತೊಡಗಿದೆ. ಸೀಮೆಎಣ್ಣೆ ಕುಡಿದ ಕಟ್ಟಿಗೆ ಉಳಿಗೆ ಪುಡಿಪುಡಿಯಾಗಿ ಉದುರಿತು. ಹತ್ತನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಎರಡು ಹೋಳಾಗಿತ್ತು. ಬೊಡ್ಡೆಯ ಉಳಿದ ಭಾಗವನ್ನು ಮಾವ ಆಗಲೇ ಒಲೆಗೆ ಹಾಕಿದ್ದ. ಕೈಯಿಂದ ಬರೆದು ಅಂಟಿಸಿದರೆ ಪಂಡಿತರು ನಂಬುವುದಿಲ್ಲ. ದಾರಿಯೇ ಇರಲಿಲ್ಲ. ಹೋಗಿ ಮಾಸ್ತರರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಪೆಟ್ರೋಲು ಸಿಗದ ಕಾಲವಾದ್ದರಿಂದ ಇದ್ದಲಿನ ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು ಇಟ್ಟಂಗಿಹಾಳದ ಏರಿನಲ್ಲಿ ನಿಂತಿತು. ಎಲ್ಲರೂ ಇಳಿದು ನೂಕಿದೆವು. ನೂಕುತ್ತ ನಾನು ಹೇಳಬೇಕಾದ ಮಾತನ್ನೇ ಬಾಯಿಪಾಠ ಮಾಡುತ್ತಿದ್ದೆ. ತಪ್ಪು ನನ್ನದು, ಅಂಚಿನ ಬರಹ ಓದದೆ ಕತ್ತರಿಸಿದೆ, ಎಂದು.

ಮಾಸ್ತರರು ನನ್ನ ಹೆಜ್ಜೆ ಗುರುತು ಹಿಡಿದು, "ತಂದೇನು?" ಎಂದು ಎರಡೂ ಕೈ ಚಾಚಿದರು. ಅಕ್ಕನವರು ಬಾವಿಗೆ ಹೋಗಿದ್ದರು. ಅಕ್ಷರಗಳ ಹಾಳೆಯನ್ನು ಕೈಯಲ್ಲಿಟ್ಟೆ. ಅವರು ಬೆರಳಾಡಿಸಿದರು. ಮುಂಬದಿಯಲ್ಲಿ ಏನೂ ಹತ್ತಲಿಲ್ಲ. ಹಾಳೆ ಮಗುಚಿದರು. ತೆಳು ಕಾಗದ, ಹೆಚ್ಚಿದ ಒತ್ತಡ. ಬೆನ್ನಿನ ಕಡೆ ಅಕ್ಷರಗಳು ಉಬ್ಬಿ ನಿಂತಿದ್ದವು. ಮುಂದೆ ಉಲ್ಟಾ ಇದ್ದದ್ದು ಹಿಂದಿನಿಂದ ನೆಟ್ಟಗೆ. ಅದೇ ಅಚ್ಚಿನ ಮುಖವೆಂದು ಅವರು ತಿಳಿದರು.

ಮೇಲಿನ ಬಲತುದಿಯಲ್ಲಿ ಅವರ ಬೆರಳು ನಿಂತಿತು. "ಅಲೆಫ್. ಮೂತಿ ಎಡಕ್ಕ." ಮುಂದೆ ಸರಿಯಿತು. "ಬೇತ್. ಹೊಟ್ಟಿ ಎಡಕ್ಕ. ಎಲಾ ಇವನ! ಬಲಗಡಿಂದ ಸುರು ಮಾಡೀಯಲ್ಲೋ, ಅವರು ಬರಿಯೂ ಹಂಗ! ನಾ ಹೇಳಿರಲಿಲ್ಲ, ನಿನಗ ಹ್ಯಾಂಗ ಹೊಳೀತು?"

ಅವರ ಕುರುಡು ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಸ್ಸು ನೂಕುತ್ತ ಬಾಯಿಪಾಠ ಮಾಡಿದ ಮಾತನ್ನು ಆಡಲಿಲ್ಲ. "ಹೊಳೀತ್ರಿ, ಮಾಸ್ತರ್ರ," ಎಂದೆ.

ಪುಸ್ತಕ ಹೊಲಿದು ಬಂದಮೇಲೆ ಪಂಡಿತರಿಗೆ ಒಂದು ಪ್ರತಿ ಕಟ್ಟಿಸಿ, ಅಕ್ಕನ ಕೈಯಿಂದ ಪತ್ರ ಬರೆಸಿ, ಪೇಟೆಯ ಅಂಚೆಯಲ್ಲಿ ಹಾಕೆಂದು ನನಗೆ ಕೊಟ್ಟರು. ಅಂಚೆಪೆಟ್ಟಿಗೆಯ ಎದುರು ಬಹಳ ಹೊತ್ತು ನಿಂತೆ. ಇದು ಧಾರವಾಡ ಮುಟ್ಟಿದರೆ ಏನು ಉತ್ತರ ಬರುವುದೆಂದು ಗೊತ್ತಿತ್ತು. ಆ ಉತ್ತರವನ್ನು ಓದಿ ಹೇಳುವವರು ಅಕ್ಕನವರು. ಹಾಕಲಿಲ್ಲ. ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿಟ್ಟೆ. ಅವರನ್ನು ಕಾಪಾಡಿದೆ ಎಂದುಕೊಂಡೆ.

ಆಮೇಲಿನ ಭಾನುವಾರಗಳನ್ನು ಬರೆಯಲು ಮನಸ್ಸಾಗುವುದಿಲ್ಲ. ಹೋದಾಗಲೆಲ್ಲ ಒಂದೇ ಪ್ರಶ್ನೆ. "ಹಾಕೀಯಿಲ್ಲೋ?" "ಹಾಕೇನ್ರಿ." ಅಂಚೆಯವನ ಹೆಜ್ಜೆ ಕೇಳಿದರೆ ಮಾಸ್ತರರು ಎದ್ದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಮಳೆಗಾಲ ಹೋಯಿತು, ಸುಗ್ಗಿ ಬಂತು. ಆಗ ಅವರು ಹಾಸಿಗೆ ಹಿಡಿದಿದ್ದರು.

"ಬೈದಾದ್ರೂ ಒಂದ ಕಾರ್ಡ ಬರೀಬೇಕಿತ್ತು, ತಮ್ಮಾ," ಎಂದರು ಒಂದು ದಿನ. "ಬೈಯೂವಷ್ಟೂ ಕಿಮ್ಮತ್ತ ಇರಲಿಲ್ಲಂತ ಕಾಣತೈತಿ ನನ್ನ ಕೆಲಸಕ್ಕ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಎಂಟು ದಿನಕ್ಕೆ ಅವರು ಹೋದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಆ ಕಟ್ಟನ್ನು ಒಯ್ದು ಅಕ್ಕನವರ ಮುಂದಿಟ್ಟು, ನಡೆದದ್ದೆಲ್ಲ ಹೇಳಿದೆ. ಬೈಯಲಿ, ಹೊರಗೆ ಹಾಕಲಿ ಎಂದೇ ಹೋಗಿದ್ದೆ. ಅವರು ಕಟ್ಟಿನ ಮೇಲಿನ ಮುದ್ರೆ ಬೀಳದ ಅಂಚೆಚೀಟಿಗಳನ್ನು ನೋಡುತ್ತ ಕೂತರು.

"ಉಲ್ಟಾ ಆಗಿದ್ದು ನನಗ ಗೊತ್ತಿತ್ತು, ಯಪ್ಪಾ," ಎಂದರು. "ಪುಸ್ತಕ ಬಂದ ದಿನಾನ ಅಂವಗ ಓದಿ ಹೇಳಾಕ ಕುಂತೆ. ಎಡಕ್ಕ ಐತಿ ಅಂತ ಬರದೈತಿ, ಚಿತ್ರದಾಗ ಬಲಕ್ಕೈತಿ. ಅಂವ ನಗಾಕತ್ತಿದ್ದ. ಹ್ಯಾಂಗ ಹೇಳ್ಲಿ?"

ಅವರು ಕಟ್ಟನ್ನು ಬದಿಗೆ ಸರಿಸಿದರು.

"ಧಾರವಾಡದಿಂದ ಬೈಗಳ ಬಂದೇ ಬರತಾವು ಅಂತ ಕುಂತಿದ್ದೆ. ಬಂದ್ರ ಅದರ ಬದಲಿ ಅಂವಗ ಏನ ಓದಬೇಕು ಅಂತ ಬರದ ಇಟ್ಟಿದ್ದೆ." ಎದ್ದು ಗೂಡಿನೊಳಗಿಂದ ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟರು. "ಅಂವ ಕಾಗದ ಮುಟ್ಟಿ ನೋಡಿದ ಮ್ಯಾಲ ಓದಸ್ತಿದ್ದ. ಲಕೋಟಿ, ಅಂಟ, ತಿಕೀಟ, ಎಲ್ಲಾ ಮುಟ್ಟಿ ನೋಡಾವ. ಒಂದ ಲಕೋಟಿ ಬಂದಿದ್ರ ಸಾಕಿತ್ತು. ದಿನಾ ಅಂಚಿಯವನ ದಾರಿ ನೋಡಿದೆ. ಅವನಕಿಂತ ಹೆಚ್ಚ ನಾನ ನೋಡಿದೆ." ಕಟ್ಟಿನ ಕಡೆ ಕೈ ಮಾಡಿ, "ಹಾಕಿಲ್ಲ ಅಂತ ನನ್ನ ಕಿವ್ಯಾಗ ಒಂದ ಮಾತ ಹೇಳಿದ್ರ, ನೀನ ಪ್ಯಾಟಿಂದ ಒಂದ ಖಾಲಿ ಲಕೋಟಿ ಹಾಕ್ತಿದ್ದೆಲ್ಲೋ," ಎಂದರು.

ಹಾಳೆ ಮಡಿಕೆಯಲ್ಲಿ ಸವೆದಿತ್ತು. ರೊಟ್ಟಿ ಬಡಿಯುವ ಕೈಯ ದಪ್ಪ ಅಕ್ಷರ, ಅಲ್ಲಲ್ಲಿ ಹೊಡೆದು ತಿದ್ದಿದ್ದರು. ಪಂಡಿತರು ಬರೆಯುವ ಭಾಷೆಯಲ್ಲೇ ಇರಲೆಂದು ಬಹಳ ಕಷ್ಟಪಟ್ಟಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಒಂದೊಂದು ಮಾತನ್ನೂ ಓದಿದೆ.

"ತಮ್ಮ ಗ್ರಂಥವು ಮುಟ್ಟಿತು. ಆಮೂಲಾಗ್ರ ಓದಿದೆನು. ತಾವು ಬರೆದದ್ದು ಹೌದು."